‘ಸಗ್ಗ’ ಎಂಬ ಪದದ ಬೆನ್ನು ಹಿಡಿದು ಕಲಿಯುವ ಬಗೆ

ತತ್ತ್ವಶಾಸ್ತ್ರ, ಭಾಷೆ, ಸಂಗೀತ ಮೂರರಲ್ಲೂ ಆಸಕ್ತಿಯಿರುವವರು ಮೂರು ಪಠ್ಯಪುಸ್ತಕಗಳನ್ನು ಒಟ್ಟಿಗೆ ತೆರೆದು ಕೂರುವುದಕ್ಕಿಂತ, ಒಂದು ಪದವನ್ನು ಹಿಡಿದು ಅದು ಕರೆದೊಯ್ದ ಕಡೆ ಹೋಗುವುದು ಮೇಲು. ಚಿತ್ರದುರ್ಗ ಜಿಲ್ಲೆಯವರಿಗೆ ಅಂಥ ಪದವೊಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆಯೇ ಇದೆ.

1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಈ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಲಿಪಿಕಾರ ಚಪಡನು ಕೊನೆಯಲ್ಲಿ ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ಪದವನ್ನು ಮಾತ್ರ ದೂರದ ವಾಯವ್ಯ ಪ್ರಾಂತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ; ಅದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಹೋಗುವ ಮುನ್ನ ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಿಂದ ಶಾಸನಪಾಠವನ್ನು ನಕಲು ಮಾಡಿಕೊಳ್ಳಿ. ಅದರಲ್ಲಿ ‘ಸ್ವಗೆ’ ಎಂಬ ಪದವನ್ನು ಹುಡುಕಿ, ಸಂಸ್ಕೃತದ ‘ಸ್ವರ್ಗ’ ಮತ್ತು ಕನ್ನಡದ ‘ಸಗ್ಗ’ಗಳ ಪಕ್ಕದಲ್ಲಿ ಬರೆಯಿರಿ. ಅಶೋಕನ ಕಾಲದ ಬರಹದಲ್ಲಿ ಸಜಾತೀಯ ಒತ್ತಕ್ಷರವನ್ನು (‘ಗ್ಗ’, ‘ಕ್ಕ’ಗಳಂಥವನ್ನು) ತೋರಿಸುವ ರೂಢಿಯಿರಲಿಲ್ಲವೆಂಬುದು ತಿಳಿದರೆ, ‘ಸ್ವಗೆ’ಯನ್ನು ‘ಸ್ವಗ್ಗೆ’ ಎಂದು ಓದಬೇಕೆಂಬುದೂ, ‘ಶರ್ಕರೆ’ ‘ಸಕ್ಕರೆ’ಯಾದ ದಾರಿಯೂ ‘ಕರ್ಪೂರ’ ‘ಕಪ್ಪುರ’ವಾದ ದಾರಿಯೂ ಇದೇ ಎಂಬುದು ಹೊಳೆಯುತ್ತದೆ. ಪ್ರಾಕೃತ ವ್ಯಾಕರಣವನ್ನು ಇಲ್ಲಿಂದ ಆರಂಭಿಸಿದರೆ ಅದು ಪರಕೀಯವೆನಿಸುವುದಿಲ್ಲ.

ಇನ್ನು ಅರ್ಥದ ಕಡೆಗೆ ಬನ್ನಿ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಶ್ರಮಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನೆಂದು ಶಾಸನ ಹೇಳುತ್ತದೆ. ಸತ್ಯವನ್ನು ನುಡಿಯಬೇಕೆಂಬ ವಿಧಿಯೂ ಅದೇ ಬಂಡೆಯ ಮೇಲಿದೆ. 12ನೆಯ ಶತಮಾನದ ಬಸವಣ್ಣನವರಾದರೋ ದೇವಲೋಕ ಮರ್ತ್ಯಲೋಕಗಳು ಬೇರೆಯಲ್ಲ, ಸತ್ಯವನ್ನು ನುಡಿಯುವುದೇ ದೇವಲೋಕ ಎಂದರು. ಒಂದೆಡೆ ಸ್ವರ್ಗವು ಪರಿಶ್ರಮದ ಫಲ, ಇನ್ನೊಂದೆಡೆ ನಡೆನುಡಿಯೇ ಸ್ವರ್ಗ. ಈ ಎರಡು ನಿಲುವುಗಳಲ್ಲಿ ಯಾವುದು ನಿಮಗೆ ಒಪ್ಪಿತವೆಂಬುದನ್ನು ಕಾರಣಸಹಿತ ಒಂದು ಪುಟ ಬರೆಯಿರಿ. ವ್ಯಾಖ್ಯಾನಗಳನ್ನು ಆಮೇಲೆ ಓದಿದರಾಯಿತು.

ಆ ವಚನವನ್ನೇ ಹಾಡಲು ಕಲಿಯಿರಿ. ಶ್ರುತಿ ಹಿಡಿದು, ತಾಳವಿಲ್ಲದೆ, ಉಸಿರು ಎಲ್ಲಿ ನಿಲ್ಲುತ್ತದೆಂದು ಗಮನಿಸುತ್ತ ಹಲವು ಸಲ ಓದಿದ ಮೇಲೆ, ಕರ್ನಾಟಕ ಪದ್ಧತಿಯವರು ಮೋಹನವೆಂದೂ ಹಿಂದೂಸ್ತಾನಿಯವರು ಭೂಪ್ ಎಂದೂ ಕರೆಯುವ ಐದು ಸ್ವರಗಳಲ್ಲಿ ಅದನ್ನು ಕೂರಿಸಿ. ನಾನು ಮೊದಮೊದಲು ‘ದೇವಲೋಕ’ವನ್ನು ತಾರ ಷಡ್ಜಕ್ಕೆ (ಮೇಲಿನ ‘ಸ’ಕ್ಕೆ) ಏರಿಸಿ ‘ಮರ್ತ್ಯಲೋಕ’ವನ್ನು ಕೆಳಗಿನ ಮಂದ್ರ ಸ್ಥಾಯಿಗೆ ಇಳಿಸುತ್ತಿದ್ದೆ. ಕಿವಿಗೆ ಹಿತವಾಗಿದ್ದರೂ ಅದು ವಚನ ಅಲ್ಲಗಳೆಯುವ ಭೇದವನ್ನೇ ಸ್ವರಗಳಲ್ಲಿ ಸ್ಥಾಪಿಸುತ್ತಿತ್ತು. ಈಗ ಎರಡನ್ನೂ ಮಧ್ಯ ಸ್ಥಾಯಿಯ ಗಾಂಧಾರದಲ್ಲೇ (‘ಗ’ ಸ್ವರದಲ್ಲೇ) ನಿಲ್ಲಿಸಿ ಹಾಡುತ್ತೇನೆ.