ಹಾಡು ಬಿಟ್ಟು ಉಳಿದದ್ದನ್ನು ಹುಡುಕುತ್ತಾ

ಹಳೆಯ ಕನ್ನಡ ಚಿತ್ರಗಳ ರೆಕಾರ್ಡ್ ಹುಡುಕುವವರಲ್ಲಿ ಹೆಚ್ಚಿನವರು ಹಾಡಿನ ಹೆಸರು ಹಿಡಿದು ಅಂಗಡಿಗೆ ಹೋಗುತ್ತಾರೆ. ನಾನು ಸಂಗೀತ ನಿರ್ದೇಶಕರ ಸಹಾಯಕರ ಹೆಸರು ಹಿಡಿದು ಹೋಗುತ್ತೇನೆ. ಅಂಗಡಿಯವರಿಗೆ ಇದು ತಮಾಷೆ. ಆದರೆ ಯಾರೂ ಕೇಳದ ಒಳ್ಳೆಯ ಸಂಗೀತ ನನಗೆ ಸಿಕ್ಕಿದ್ದು ಜಾಸ್ತಿ ಈ ದಾರಿಯಲ್ಲೇ.

ಆಗಿನ ರೆಕಾರ್ಡ್‌ಗಳಲ್ಲಿ ಜಾಗ ಕಡಿಮೆ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯಲ್ಲಿ ಮಗ್ಗುಲಿಗೆ ಒಂದೇ ಹಾಡು, ಅದೂ ಮೂರು ಚಿಲ್ಲರೆ ನಿಮಿಷ. ಆಮೇಲೆ ಬಂದ 7 ಇಂಚಿನ ಇ.ಪಿ.ಯಲ್ಲಿ ಸಾಮಾನ್ಯವಾಗಿ ಎರಡೂ ಮಗ್ಗುಲು ಸೇರಿ ನಾಲ್ಕು ಹಾಡು. ಅಲ್ಲಿಗೆ ಕಂಪನಿಯ ಕೆಲಸ ಮುಗಿಯಿತು. ಟೈಟಲ್ ಸಂಗೀತ, ಕ್ಲಬ್ ದೃಶ್ಯದ ಸಂಗೀತ, ಕಾರು ಬೆನ್ನಟ್ಟುವಾಗಿನ ಡ್ರಮ್ಸು, ಇದೆಲ್ಲ ಫಿಲ್ಮಿನಲ್ಲೇ ಉಳಿಯುತ್ತಿತ್ತು. ಸಂಗೀತ ನಿರ್ದೇಶಕರು ಧೈರ್ಯ ಮಾಡಿ ಜಾಜ್, ಕರ್ನಾಟಕ ಸಂಗೀತ, ಜಾನಪದ ಎಲ್ಲವನ್ನೂ ಬೆರೆಸುತ್ತಿದ್ದದ್ದು ಇಂಥ ಕಡೆಗಳಲ್ಲೇ. ಹಾಡಿನಲ್ಲಿ ಸಾಹಿತಿ ಇದ್ದಾರೆ, ಗಾಯಕರಿದ್ದಾರೆ, ನಿರ್ಮಾಪಕರ ಕಿವಿಯೂ ಇದೆ. ಟೈಟಲ್ ಸಂಗೀತಕ್ಕೆ ಯಾರ ಕಾವಲೂ ಇಲ್ಲ.

ನಾನು ಶುರು ಮಾಡಿದ್ದು ನಿರ್ದೇಶಕ ಜೋಡಿ ದೊರೆ-ಭಗವಾನ್ ಅವರ, ರಾಜ್‌ಕುಮಾರ್ ಗೂಢಚಾರನಾದ ಸಿ.ಐ.ಡಿ. 999 ಚಿತ್ರಗಳಿಂದ. 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿ.ಐ.ಡಿ. 999' 1968ರವು. 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಮರುವರ್ಷದ್ದು. 'ಆಪರೇಷನ್ ಡೈಮಂಡ್ ರಾಕೆಟ್' ಬಂದದ್ದು 1978ರಲ್ಲಿ. ನಾಲ್ಕಕ್ಕೂ ಜಿ.ಕೆ. ವೆಂಕಟೇಶ್ ಸಂಗೀತ. ಕೊನೆಯದರಲ್ಲಿ ರಾಜ್‌ಕುಮಾರ್ ಹಾಡಿದ 'ಇಫ್ ಯು ಕಮ್ ಟುಡೇ' ಇಂಟರ್ನೆಟ್ಟಿನಲ್ಲಿ ಯಾರು ಯಾರಿಗೋ ಸಿಕ್ಕಿ, ಕನ್ನಡವೇ ಗೊತ್ತಿಲ್ಲದವರೂ ಗುನುಗುವಂತಾಯಿತು. ಬಹಳ ಜನ ಅದನ್ನು ನಕ್ಕು ಮರೆತರು. ಆ ಹಾಡಿನ ಹಿಂದೆ ಏನು ನಡೀತಿದೆ ಅಂತ ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ಕೇಳಿ. ನುಡಿಸುವವರು ತಮಾಷೆ ಮಾಡುತ್ತಿಲ್ಲ.

ಕೆಲಸದ ಕ್ರಮ ಹೇಳುತ್ತೇನೆ. ಮೊದಲು ಸಿನಿಮಾ ನೋಡುತ್ತೇನೆ, ಅಂದರೆ ಕೇಳುತ್ತೇನೆ. ಮಾತಿಲ್ಲದೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಸಂಗೀತ ಬಂದ ಕಡೆಯಲ್ಲೆಲ್ಲ ಸಮಯ ಬರೆದುಕೊಳ್ಳುತ್ತೇನೆ. ಟೈಟಲ್ ಕಾರ್ಡ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ಓದುತ್ತೇನೆ. ಸಂಗೀತ ನಿರ್ದೇಶಕರ ಹೆಸರು ದೊಡ್ಡದಾಗಿ ಬರುತ್ತದೆ. ಸಹಾಯಕರದ್ದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇಲ್ಲವೇ ಇನ್ನೊಂದು ಕಾರ್ಡಿನಲ್ಲಿ ಮೇಕಪ್‌ನವರ ಜೊತೆ ಸೇರಿಕೊಂಡಿರುತ್ತದೆ. ಟಿ.ವಿ.ಯವರು ಎಷ್ಟೋ ಸಲ ಟೈಟಲ್ಲನ್ನೇ ಕತ್ತರಿಸಿ ಹಾಕುತ್ತಾರೆ. ಆಗ ಹಾಡಿನ ಪುಸ್ತಕ ಕೈಹಿಡಿಯುತ್ತದೆ. ಥಿಯೇಟರ್ ಮುಂದೆ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಪುಸ್ತಕ, ನೆನಪಿದೆಯಲ್ವಾ? ಕಥೆಯನ್ನು ಅರ್ಧ ಹೇಳಿ 'ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ' ಅಂತ ಕೈಬಿಡುವ ಪುಸ್ತಕ. ಅದರ ಒಳಪುಟದಲ್ಲಿ ತಂತ್ರಜ್ಞರ ಪಟ್ಟಿ ಇರುತ್ತದೆ. ಹಾಡಿಗಿಂತ ಆ ಪಟ್ಟಿಯ ಮೇಲೇ ನನ್ನ ಕಣ್ಣು.

ಹೆಸರು ಸಿಕ್ಕಿದ ಮೇಲೆ ಅದರ ಬೆನ್ನು ಹತ್ತುವುದು. ಜಿ.ಕೆ. ವೆಂಕಟೇಶ್ ಅವರನ್ನೇ ತೆಗೆದುಕೊಳ್ಳಿ. 1976ರಲ್ಲಿ ತಮಿಳಿನಲ್ಲಿ ಸ್ವಂತವಾಗಿ ಸಂಗೀತ ಕೊಡುವ ಮೊದಲು ಇಳಯರಾಜ ಇವರ ಹತ್ತಿರ ಗಿಟಾರ್ ನುಡಿಸುತ್ತಿದ್ದರು, ಸಹಾಯಕರೂ ಆಗಿದ್ದರು. ಹಾಗಾಗಿ ಎಪ್ಪತ್ತರ ದಶಕದ ಮೊದಲ ಅರ್ಧದ ವೆಂಕಟೇಶ್ ಚಿತ್ರಗಳನ್ನು ಗಿಟಾರ್‌ಗಾಗಿಯೇ ಇನ್ನೊಮ್ಮೆ ಕೇಳಬೇಕು. ಅಲ್ಲಿಂದ ನೇರ 1986ಕ್ಕೆ ಹಾರಿದರೆ ಇಳಯರಾಜರ 'ಹೌ ಟು ನೇಮ್ ಇಟ್' ಸಿಗುತ್ತದೆ. ತ್ಯಾಗರಾಜರಿಗೂ ಜರ್ಮನಿಯ ಸಂಗೀತಕಾರ ಬಾಖ್‌ಗೂ ಅರ್ಪಿಸಿದ, ಮಾತಿಲ್ಲದ ಆಲ್ಬಂ. ಪಿಟೀಲು ವಿ.ಎಸ್. ನರಸಿಂಹನ್ ಅವರದ್ದು. ಸಿನಿಮಾದ ಹಿನ್ನೆಲೆ ಸಂಗೀತವನ್ನು ಕಿವಿಗೊಟ್ಟು ಕೇಳಿದವರಿಗೆ ಈ ಆಲ್ಬಂ ಆಕಾಶದಿಂದ ಉದುರಿದ್ದಲ್ಲ ಅಂತ ಗೊತ್ತಾಗುತ್ತದೆ.

ವೆಂಕಟೇಶ್ ಅವರ ಇನ್ನೊಬ್ಬ ಸಹಾಯಕರು ಎಲ್. ವೈದ್ಯನಾಥನ್. ಪಿಟೀಲಿನ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಅವರ ಅಣ್ಣ. 'ಮಾಲ್ಗುಡಿ ಡೇಸ್' ಸಂಗೀತ ಇವರದ್ದು ಅಂತ ಕನ್ನಡಿಗರಿಗೆ ಗೊತ್ತು. 1978ರಲ್ಲಿ ಕಾಶೀನಾಥ್ ಅವರ 'ಅಪರಿಚಿತ'ಕ್ಕೆ ಕೊಟ್ಟದ್ದೂ ಇವರೇ. 'ಸವಿ ನೆನಪುಗಳು ಬೇಕು' ಎಲ್ಲರ ಬಾಯಲ್ಲಿದೆ. ಅದು ಬರುವ ಸಿನಿಮಾದ ಹಿನ್ನೆಲೆ ಸಂಗೀತದ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೊಲೆ, ಸಂಶಯ, ರಾತ್ರಿ ಇವಕ್ಕೆಲ್ಲ ದೊಡ್ಡ ವಾದ್ಯವೃಂದ ಬೇಕಿಲ್ಲ, ಬೆರಳೆಣಿಕೆಯ ವಾದ್ಯ ಸಾಕು ಅಂತ ಆ ಚಿತ್ರ ನೋಡಿದ ಮೇಲೆ ನನಗೆ ಖಾತ್ರಿಯಾಯಿತು.

ಇನ್ನು ಬಜಾರು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಭಾನುವಾರದ ಬಜಾರಿಗೆ ಬೆಳಿಗ್ಗೆ ಬೇಗ ಹೋಗಬೇಕು. ಬಿಸಿಲು ಏರಿದ ಮೇಲೆ ನೆಲದ ಮೇಲಿಟ್ಟ ತಟ್ಟೆಗಳು ಸೊಟ್ಟಗಾಗಲು ಶುರುವಾಗುತ್ತವೆ. ಅಲ್ಲಿ ಒಬ್ಬರು ನನ್ನನ್ನು ನೋಡಿದ ಕೂಡಲೇ, "ಬನ್ನಿ ಸಾರ್, ನಿಮ್ಮ ಓಡದ ಮಾಲೆಲ್ಲ ಈ ಕಡೆ ಇಟ್ಟಿದೀನಿ" ಅನ್ನುತ್ತಾರೆ. "ಓಡದ್ದು ಅಂದ್ಮೇಲೆ ರೇಟು ಕಮ್ಮಿ ಮಾಡಿ ಭಾಯ್" ಅಂದರೆ, "ತಗೊಳೋರು ನೀವೊಬ್ರೇ ಸಾರ್, ಅದಕ್ಕೇ ಜಾಸ್ತಿ." ಅವರ ಲೆಕ್ಕ ಅವರಿಗೆ ಸರಿ.

ಹಳೆಯ ಕನ್ನಡ ಇ.ಪಿ.ಗಳಲ್ಲಿ ಒಂದು ಪಾಲು ಮೈಕ್‌ಸೆಟ್‌ನವರ ಕೈಯಿಂದ ಬಂದವು. ಮದುವೆ, ಜಾತ್ರೆ, ಗಣೇಶನ ಪೆಂಡಾಲ್ ಎಲ್ಲ ಕಡೆ ಸುತ್ತಿದ ತಟ್ಟೆಗಳು. ಲೇಬಲ್ ಮೇಲೆ ಪೆನ್ನಿನಲ್ಲಿ ಸೌಂಡ್ ಸರ್ವೀಸಿನ ಹೆಸರು ಬರೆದಿರುತ್ತದೆ. ಸಂಗ್ರಹಕಾರರು ಅದನ್ನು ನೋಡಿಯೇ ಬದಿಗಿಡುತ್ತಾರೆ. ನಾನು ಬದಿಗಿಡುವುದಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಜನ ಕೇಳಿಸಿಕೊಂಡ ಹಾಡಿನ ಗೆರೆಗಳು ಬೂದು ಬಣ್ಣಕ್ಕೆ ತಿರುಗಿರುತ್ತವೆ. ಸವೆದ ಮುಳ್ಳು ಅಲ್ಲಿ ಮತ್ತೆ ಮತ್ತೆ ಓಡಿದೆ. ಅದೇ ತಟ್ಟೆಯ ಎರಡನೇ ಮಗ್ಗುಲಿನ ಕೊನೆಯ ಹಾಡು ಕಪ್ಪಗೆ ಮಿರಮಿರ ಮಿಂಚುತ್ತದೆ. ಅದನ್ನು ಯಾರೂ ಹಾಕಿಯೇ ಇಲ್ಲ! ನನಗೆ ಬೇಕಾದದ್ದು ಅದೇ ಹಾಡು. ಕ್ಯಾಬರೆ ಹಾಡೋ, ಹಾಸ್ಯದ ಹಾಡೋ, ಇಂಗ್ಲಿಷ್ ಸಾಲು ತುರುಕಿದ ಹಾಡೋ ಇರುತ್ತದೆ. ಗೀರನ್ನು ಉಗುರಿನಿಂದ ಮುಟ್ಟಿ ನೋಡುತ್ತೇನೆ. ಉಗುರಿಗೆ ಸಿಕ್ಕಿದರೆ ಮುಳ್ಳಿಗೂ ಸಿಗುತ್ತದೆ, ಬಿಟ್ಟುಬಿಡುತ್ತೇನೆ. ಕಣ್ಣಿಗೆ ಮಾತ್ರ ಕಾಣುವ ಕೂದಲಗೀರಿಗೆ ಹೆದರಬೇಕಾಗಿಲ್ಲ.

ಮನೆಗೆ ತಂದ ಮೇಲೆ ತೊಳೆಯುವುದು. ಪ್ಲಾಸ್ಟಿಕ್ ರೆಕಾರ್ಡಿಗೆ ಡಿಸ್ಟಿಲ್ಡ್ ವಾಟರ್, ಅದರಲ್ಲಿ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್. ಅರಗಿನ 78ಕ್ಕೆ ಆಲ್ಕೋಹಾಲ್ ತಾಗಿಸಲೇಬಾರದು, ಅರಗು ಕರಗಿಬಿಡುತ್ತದೆ. ಮುಳ್ಳು ಕೂಡ ಬೇರೆ ಬೇರೆ ಬೇಕು. ಎಲ್.ಪಿ. (ದೊಡ್ಡ ಪ್ಲಾಸ್ಟಿಕ್ ತಟ್ಟೆ), ಇ.ಪಿ.ಗೆ ಸುಮಾರು 18 ಮೈಕ್ರಾನ್ ಮೊನೆ ಸರಿ. 78ರ ಗೆರೆ ಅಗಲ, ಅದಕ್ಕೆ 75 ಮೈಕ್ರಾನ್ ಹತ್ತಿರದ್ದು ಬೇಕು. ಸಣ್ಣ ಮುಳ್ಳು ಹಾಕಿದರೆ ಅದು ಗೆರೆಯ ತಳದಲ್ಲಿ ಕಸ ಕೆದಕುತ್ತಾ ಹೋಗುತ್ತದೆ, ಹಾಡಿಗಿಂತ ಜಾಸ್ತಿ ಗರಗರ ಕೇಳಿಸುತ್ತದೆ.

ಕಂಪ್ಯೂಟರಿಗೆ ಇಳಿಸುವಾಗ ನನ್ನದು 24 ಬಿಟ್, 96 ಕಿಲೋಹರ್ಟ್ಸ್. ಆಗಿನ ಬಹುತೇಕ ತಟ್ಟೆಗಳು ಮೋನೊ, ಅಂದರೆ ಎಡ-ಬಲ ಎರಡಕ್ಕೂ ಒಂದೇ ಧ್ವನಿ. ಇಂಥದ್ದನ್ನು ಸ್ಟೀರಿಯೊ ಮುಳ್ಳಿನಲ್ಲಿ ಇಳಿಸಿ, ಆಮೇಲೆ ಎಡ-ಬಲ ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಮೋನೊ ತಟ್ಟೆಯಲ್ಲಿ ಸಂಗೀತ ಇರುವುದು ಮುಳ್ಳಿನ ಅಡ್ಡ ಓಡಾಟದಲ್ಲಿ ಮಾತ್ರ. ಮೇಲೆ ಕೆಳಗೆ ಕುಣಿಯುವುದೆಲ್ಲ ಧೂಳು, ಸವೆತ. ಕೂಡಿಸಿದಾಗ ಅದು ತಾನಾಗಿ ಕಳೆದುಹೋಗುತ್ತದೆ. ದುಡ್ಡು ಖರ್ಚಿಲ್ಲದ ಸ್ವಚ್ಛತೆ.

ಚಟಪಟ ಸದ್ದು ತೆಗೆಯುವ ಸಾಫ್ಟ್‌ವೇರ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಮೃದಂಗದ ಚಾಪು, ಘಟದ ಪೆಟ್ಟು, ತಬಲದ ಕಿನಾರ್ ಕೂಡ ಅದಕ್ಕೆ ಗೀರಿನ ಹಾಗೆಯೇ ಕಾಣುತ್ತವೆ. ಒಂದು ಗುಂಡಿ ಒತ್ತಿದರೆ ಗೀರಿನ ಜೊತೆ ವಾದ್ಯದ ಮೊನೆಯೂ ಹೋಗುತ್ತದೆ. ಕೇಳಿದರೆ ಚರ್ಮದ ಮೇಲೆ ಕಂಬಳಿ ಹೊದಿಸಿ ಬಾರಿಸಿದ ಹಾಗಿರುತ್ತದೆ. ನಾನು ಒಂದೊಂದೇ ಸದ್ದನ್ನು ಕೈಯಿಂದ ತೆಗೆಯುತ್ತೇನೆ. ನಿಧಾನ ಆಗುತ್ತದೆ, ಆಗಲಿ ಬಿಡಿ.

ಶ್ರುತಿಯ ಗೊಂದಲ ಒಂದಿದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ನಮ್ಮ ಟಿ.ವಿ. ಪದ್ಧತಿಯಲ್ಲಿ 25. ವರ್ಗಾಯಿಸುವಾಗ ಎಷ್ಟೋ ಸಲ ಸಿನಿಮಾವನ್ನೇ ಅಷ್ಟು ವೇಗವಾಗಿ ಓಡಿಸಿರುತ್ತಾರೆ. ಆಗ ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಏರುತ್ತದೆ. ವಿ.ಸಿ.ಡಿ.ಯಲ್ಲಿ ಕೇಳಿದ ಹಾಡು ರೆಕಾರ್ಡಿನಲ್ಲಿ 'ಯಾಕೋ ಇಳಿದಿದೆ' ಅನ್ನಿಸಲು ಇದೊಂದು ಕಾರಣ. ಟೈಟಲ್ ಸಂಗೀತಕ್ಕೆ ತಟ್ಟೆಯೇ ಇಲ್ಲ, ವಿಡಿಯೊದಿಂದಲೇ ತೆಗೆಯಬೇಕು. ಆಗ ಅದೇ ಚಿತ್ರದ ಒಂದು ಹಾಡನ್ನು ಇ.ಪಿ. ಜೊತೆ ಹೋಲಿಸಿ, ಎಷ್ಟು ಏರಿದೆ ಅಂತ ನೋಡಿ, ಅಷ್ಟೇ ಇಳಿಸುತ್ತೇನೆ.

ಕ್ಯಾಸೆಟ್ಟಿನ ಕೆಲಸ ಬೇರೆ ಥರ. ಒಳಗಿನ ಸ್ಪಂಜಿನ ಪುಟ್ಟ ತುಂಡು ಉದುರಿರುತ್ತದೆ, ಟೇಪಿನ ಮೇಲೆ ಬಿಳಿ ಬೂಷ್ಟು ಕೂತಿರುತ್ತದೆ. ಬೂಷ್ಟು ಒರೆಸಿ, ಸ್ಕ್ರೂ ಇರುವ ಹೊಸ ಡಬ್ಬಿಗೆ ಟೇಪನ್ನು ಬದಲಾಯಿಸಿ, ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ತಿರುಗಿಸುತ್ತೇನೆ. ತಾಳದ ಸದ್ದು ಚೂಪಾಗುವ ಜಾಗದಲ್ಲಿ ನಿಲ್ಲಿಸುತ್ತೇನೆ.

ಹೆಸರಿನ ಬೆನ್ನು ಹತ್ತುವ ದಾರಿ ಒಂದು ಸಲ ನನ್ನನ್ನು ಜರ್ಮನಿಗೆ ಒಯ್ದು ಮತ್ತೆ ಬೆಂಗಳೂರಿಗೇ ತಂದುಬಿಟ್ಟಿತು. ಟಿ.ಎ.ಎಸ್. ಮಣಿ ಅವರ ಮೃದಂಗ ಇರುವ ಧ್ವನಿಮುದ್ರಣ ಹುಡುಕುತ್ತಿದ್ದೆ. ಸಿಕ್ಕಿದ್ದು 'ಜ್ಯೋತಿ'. ಇ.ಸಿ.ಎಂ. ಎಂಬ ಜರ್ಮನ್ ಕಂಪನಿ 1983ರಲ್ಲಿ ತಂದ ಆಲ್ಬಂ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ, ಜೊತೆಗೆ ಮಣಿಯವರಿದ್ದ ನಮ್ಮ ಬೆಂಗಳೂರಿನ ತಾಳವಾದ್ಯ ತಂಡ, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಹಾಡಿದ್ದು ಆರ್.ಎ. ರಮಾಮಣಿ. ಘಟ, ಖಂಜಿರ, ಮೋರ್ಸಿಂಗ್, ಬಾಯಲ್ಲಿ ತಾಳದ ಸೊಲ್ಲು ಹೇಳುವ ಕೊನ್ನಕೋಲು ಎಲ್ಲ ಇದೆ. ಫ್ಯೂಷನ್ ಅಂದರೆ ಆಲಾಪದ ಕೆಳಗೆ ಡ್ರಮ್ಸ್ ತುಂಬುವುದು ಅಂತ ತಿಳಿದವರಿಗೆ ಇದನ್ನು ಕೇಳಿಸಬೇಕು. ಇಲ್ಲಿ ಡ್ರಮ್ ಸೆಟ್ಟೇ ಇಲ್ಲ. ಸ್ಯಾಕ್ಸೋಫೋನ್ ರಮಾಮಣಿಯವರ ದನಿಯ ಪಕ್ಕ ಬಂದು ಕೂರುತ್ತದೆ, ತಾಳದ ಲೆಕ್ಕವನ್ನು ಒಪ್ಪಿಕೊಂಡೇ ಆಡುತ್ತದೆ. ಮರಿಯಾನೊ ನಾಗಸ್ವರವನ್ನೂ ಕಲಿತಿದ್ದವರು ಅಂತ ಗೊತ್ತಾದ ಮೇಲೆ ಆ ನಯ ಎಲ್ಲಿಂದ ಬಂತು ಅಂತ ಅರ್ಥವಾಯಿತು. ಯುರೋಪಿನ ಜಾಜ್ ಸಂಗ್ರಹಕಾರರು ಇದನ್ನು ಬಲ್ಲರು. ಬೆಂಗಳೂರಿನಲ್ಲಿ ನಾನು ಕೇಳಿದವರಲ್ಲಿ ಹೆಸರು ಗೊತ್ತಿದ್ದವರೇ ಕಡಿಮೆ.

ಇದೇ ಜಾತಿಯ ಇನ್ನೊಂದು ಕಥೆ ಮುಂಬಯಿಯದು. ಚರಣ್‌ಜಿತ್ ಸಿಂಗ್ ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ಒಂದು ಎಲ್.ಪಿ. ತಂದರು. ರೋಲ್ಯಾಂಡ್ ಕಂಪನಿಯ ಟಿ.ಬಿ. 303, ಟಿ.ಆರ್. 808, ಜುಪಿಟರ್ 8, ಈ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರಗಳಲ್ಲೇ ಎಲ್ಲವೂ. ಆಗ ಯಾರೂ ಕೊಳ್ಳಲಿಲ್ಲ. ಐದು ವರ್ಷದ ನಂತರ ಶಿಕಾಗೊದಲ್ಲಿ ಅದೇ 303 ಹಿಡಿದು 'ಆಸಿಡ್ ಹೌಸ್' ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತ ಶುರುವಾಯಿತು. ನೆದರ್ಲೆಂಡ್ಸ್‌ನ ಸಂಗ್ರಹಕಾರರೊಬ್ಬರಿಗೆ ದೆಹಲಿಯಲ್ಲಿ ಈ ತಟ್ಟೆ ಸಿಕ್ಕಿ, 2010ರಲ್ಲಿ ಮರುಮುದ್ರಣವಾಯಿತು. ಆಸಿಡ್ ಹೌಸ್ ಕಂಡುಹಿಡಿದವರು ಸಿಂಗ್ ಅಂತ ಪತ್ರಿಕೆಗಳು ಬರೆದದ್ದು ನನಗೆ ಅತಿ ಅನ್ನಿಸುತ್ತದೆ. ಶಿಕಾಗೊದವರು ಇದನ್ನು ಕೇಳಿ ಕಲಿತವರಲ್ಲ. ಸುಮ್ನೆ ಒಂದು ಸಿನಿಮಾ ವಾದಕನ ಕುತೂಹಲ ಅಂತ ಕೇಳಿದರೆ ಅದು ಇನ್ನೂ ಚೆನ್ನಾಗಿದೆ. ಶಂಕರ್-ಜೈಕಿಶನ್ 1968ರಲ್ಲಿ ರಯಿಸ್ ಖಾನ್ ಸಿತಾರ್ ಇಟ್ಟುಕೊಂಡು ಮಾಡಿದ 'ರಾಗ ಜಾಜ್ ಸ್ಟೈಲ್' ಕೂಡ ಸಿನಿಮಾ ವಾದಕರಿಗೆ ಸಿಕ್ಕಿದ ರಜಾದಿನದಂತಿದೆ.

ತಟ್ಟೆಯ ಮೇಲೆ ಸಿಗದ ಸಂಗೀತಕ್ಕೆ ಈಗ ಇನ್ನೊಂದು ಬಾಗಿಲು ತೆರೆದಿದೆ, ಹಳೆಯ ಫಿಲ್ಮುಗಳ ಪುನರುಜ್ಜೀವನ. ಬಿ.ವಿ. ಕಾರಂತರಿಗೆ 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಮೈಕ್‌ಸೆಟ್ಟಿನಲ್ಲಿ ಹಾಕಿ ಕೇಳುವ ಸಂಗೀತ ಅಲ್ಲ ಅದು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಹೀಗೆ ಫಿಲ್ಮ್ ಸರಿ ಮಾಡುವಾಗ ಧ್ವನಿಯೂ ಸರಿಹೋಗುತ್ತದೆ. ಹಳೆಯ ಸಿ.ಐ.ಡಿ. ಚಿತ್ರಗಳಿಗೂ ಯಾರಾದರೂ ಇಷ್ಟು ಮಾಡಿದರೆ ನನ್ನ ಅರ್ಧ ಕೆಲಸ ತಪ್ಪುತ್ತದೆ.

'ಇಷ್ಟೆಲ್ಲ ಇಳಿಸಿಟ್ಟಿದ್ದೀರಿ, ಯಾಕೆ ಎಲ್ಲರಿಗೂ ಹಂಚಬಾರದು?' ಅಂತ ಕೇಳುತ್ತಾರೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1968ರ ತಟ್ಟೆಗೆ 2028ರ ಕೊನೆಯ ತನಕ ಮಾಲೀಕರಿದ್ದಾರೆ. ರಾಗಸಂಯೋಜನೆ, ಸಾಹಿತ್ಯಕ್ಕೆ ಇನ್ನೂ ಉದ್ದ, ಬರೆದವರು ತೀರಿದ ಮೇಲೆ 60 ವರ್ಷ. ಹಾಗಾಗಿ ನಾನು ಧ್ವನಿಯನ್ನು ಹಂಚುವುದಿಲ್ಲ, ಮಾಹಿತಿಯನ್ನು ಹಂಚುತ್ತೇನೆ. ಯಾವ ಚಿತ್ರ, ಎಷ್ಟನೇ ನಿಮಿಷ, ಯಾವ ವಾದ್ಯ, ಸಹಾಯಕರು ಯಾರು, ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಕೊರೆದಿರುವ ನಂಬರ್ ಏನು, ಎಲ್ಲ ಒಂದು ಪಟ್ಟಿಯಲ್ಲಿದೆ. ಅದರಲ್ಲಿ 'ಟ್ರಂಪೆಟ್' ಮತ್ತು 'ಬಾಂಗೋ' ಕಾಲಮ್ಮುಗಳು ಬಹುತೇಕ ಖಾಲಿ. ಟೈಟಲ್ ಕಾರ್ಡಿನಲ್ಲಿ ವಾದಕರ ಹೆಸರು ಹಾಕುವ ರೂಢಿ ಆಗ ಇರಲಿಲ್ಲ. ಈಗ ಮದ್ರಾಸಿನ ಸ್ಟುಡಿಯೊಗಳಲ್ಲಿ ನುಡಿಸಿದ ಹಿರಿಯರ ಮನೆಗೆ ಹೋಗಿ, ತುಣುಕುಗಳನ್ನು ಕೇಳಿಸಿ, ಯಾರ ಕೈ ಅಂತ ಗುರುತು ಹಿಡಿಸುತ್ತಿದ್ದೇನೆ. ಅವರು ಮೊದಲು ಕೇಳುವುದು ಕಾಫಿ ಕುಡಿಯುತ್ತೀರಾ ಅಂತ, ಆಮೇಲೆ ಕೇಳುವುದು ಆ ದಿನದ ಪೇಮೆಂಟ್ ಎಷ್ಟಿತ್ತು ಗೊತ್ತಾ ಅಂತ.