ಎನ್‌-ಲಿಸ್ಟ್ ಬಂತು, ಇಮೇಲೇ ಇರಲಿಲ್ಲ

ದಾವಣಗೆರೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಕಾಲೇಜುಗಳಿಗೆ ಇ-ಜರ್ನಲ್ (ಆನ್‌ಲೈನ್ ಸಂಶೋಧನಾ ಪತ್ರಿಕೆ), ಇ-ಪುಸ್ತಕ ಒದಗಿಸುವ ಚಂದಾ ಯೋಜನೆ ಎನ್‌-ಲಿಸ್ಟ್ ತಗೊಳ್ಳೋಣ ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: "ದುಡ್ಡೆಷ್ಟು?" ವರ್ಷಕ್ಕೆ ಜಿಎಸ್‌ಟಿ ಸೇರಿ ಆಗ 5,900 ರೂಪಾಯಿ ಇತ್ತು. ಅಷ್ಟಕ್ಕೆ ಸಾವಿರಾರು ಇ-ಜರ್ನಲ್, ಲಕ್ಷಕ್ಕೂ ಜಾಸ್ತಿ ಇ-ಪುಸ್ತಕ. ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ದೇಶದ ಕಾಲೇಜುಗಳಿಗೆಲ್ಲ ಸೇರಿಸಿ ಪ್ರಕಾಶಕರ ಜೊತೆ ಚೌಕಾಸಿ ಮಾಡುತ್ತದೆ, ಅದಕ್ಕೇ ಈ ದರ. ನಾವೊಬ್ಬರೇ ಹೋಗಿ ಕೇಳಿದ್ದರೆ ಆ ದುಡ್ಡಿಗೆ ಒಂದು ಒಳ್ಳೆಯ ವಿದೇಶಿ ಜರ್ನಲ್ಲೂ ಸಿಗುತ್ತಿರಲಿಲ್ಲ. ಪ್ರಿನ್ಸಿಪಾಲರು ಅವತ್ತೇ ಸಹಿ ಹಾಕಿದರು.

ಪೇಚಾಟ ಶುರುವಾದದ್ದು ಆಮೇಲೆ.

ಎನ್‌-ಲಿಸ್ಟಿನಲ್ಲಿ ಇಡೀ ಕಾಲೇಜಿಗೆ ಒಂದೇ ಪಾಸ್‌ವರ್ಡ್ ಅಂತ ಇಲ್ಲ. ಒಬ್ಬೊಬ್ಬರ ಹೆಸರು, ಇಮೇಲ್ ನಾವು ಸೇರಿಸಬೇಕು, ಪಾಸ್‌ವರ್ಡ್ ಅವರವರ ಮೇಲ್‌ಗೇ ಹೋಗುತ್ತದೆ. ಆಫೀಸಿನಿಂದ ವಿದ್ಯಾರ್ಥಿಗಳ ಪಟ್ಟಿ ತಂದೆ. ಸದ್ಯ, ಅಪ್‌ಲೋಡ್ ಮಾಡುವ ಮುಂಚೆ ಒಮ್ಮೆ ಕಣ್ಣಾಡಿಸಿದೆ. ಹನ್ನೊಂದು ಹೆಸರಿನ ಮುಂದೆ ಒಂದೇ ಇಮೇಲ್! ಸ್ಕಾಲರ್‌ಶಿಪ್ ಅರ್ಜಿ ಹಾಕಿಕೊಟ್ಟ ಸೈಬರ್ ಸೆಂಟರಿನವನದಂತೆ ಅದು. ಇನ್ನು ಕೆಲವರಿಗೆ ಇಮೇಲ್ ಇತ್ತು, ಪಾಸ್‌ವರ್ಡ್ ನೆನಪಿಲ್ಲ. "ಅಣ್ಣನ ಹಳೇ ಫೋನಲ್ಲಿತ್ತು ಸಾರ್, ಅದು ನೀರಿಗೆ ಬಿತ್ತು" ಅಂದ ಒಬ್ಬ.

ಕೌಂಟರ್ ಪಕ್ಕ ಒಂದು ಬೆಂಚು ಹಾಕಿದೆ. ಊಟದ ಬಿಡುವಿನಲ್ಲಿ ದಿನಕ್ಕೆ ಏಳೆಂಟು ಜನ. ನನ್ನ ಎದುರಿಗೇ ಇಮೇಲ್ ತೆರೆಯಬೇಕು, ವಿಳಾಸವನ್ನು ತಮ್ಮ ಕೈಯಾರೆ ನನ್ನ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಸೊನ್ನೆಯೋ 'ಓ' ಅಕ್ಷರವೋ ಅಂತ ಅಲ್ಲೇ ಕೇಳಿ ಸರಿ ಮಾಡುತ್ತಿದ್ದೆ. ಜಗಳೂರು ಕಡೆಯಿಂದ ಬರುವ ಒಬ್ಬ ಹುಡುಗಿಯ ಮನೆಯಲ್ಲಿ ಇದ್ದದ್ದು ಕೀಪ್ಯಾಡ್ ಫೋನು. ಅವಳಿಗೆ ಲೈಬ್ರರಿ ಕಂಪ್ಯೂಟರೇ ಗತಿ. ಮುಗಿಯಲು ತಿಂಗಳು ಹಿಡಿಯಿತು. ಪಾಸ್‌ವರ್ಡ್ ಬಂದ ಮೇಲೂ ಅರ್ಧ ಜನ "ಬಂದಿಲ್ಲ ಸಾರ್" ಅಂತಲೇ ನಿಂತರು. ಸ್ಪ್ಯಾಮ್ ಫೋಲ್ಡರ್ ಅನ್ನುವುದು ಒಂದಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಂತರ ನಾನೊಂದು ತಪ್ಪು ಮಾಡಿದೆ. ಸೆಮಿನಾರ್ ಹಾಲಿನಲ್ಲಿ ಪ್ರೊಜೆಕ್ಟರ್ ಹಾಕಿ ಒಂದು ಗಂಟೆ ಭಾಷಣ ಬಿಗಿದೆ. ಹಿಂದಿನ ಸಾಲು ಮಲಗಿತ್ತು. ಕೆಲಸಕ್ಕೆ ಬಂದದ್ದು ಮತ್ತೆ ಅದೇ ಬೆಂಚು. ಹರಿಹರದಿಂದ ಬರುವ ಬಿಎಸ್ಸಿ ಹುಡುಗನಿಗೆ ಭತ್ತದ ಬೆಂಕಿ ರೋಗದ ಮೇಲೆ ಸೆಮಿನಾರ್ ಇತ್ತು. ಭದ್ರಾ ನಾಲೆ ನೀರಿನಲ್ಲಿ ಅವರದೇ ಗದ್ದೆ ಇದೆ, ರೋಗ ಕಣ್ಣಾರೆ ಕಂಡವನು. ಬೆಂಕಿಗೆ 'ಫೈರ್', ರೋಗಕ್ಕೆ 'ಡಿಸೀಸ್' ಅಂತ ಟೈಪ್ ಮಾಡಿ ಕೂತಿದ್ದ. ಭತ್ತದ ಲೇಖನ ಒಂದೂ ಬಂದಿರಲಿಲ್ಲ. "ಬ್ಲಾಸ್ಟ್ ಅಂತ ಹಾಕಪ್ಪ, ಹಿಂದೆ ರೈಸ್ ಸೇರಿಸು" ಅಂದೆ. ಪುಟಗಟ್ಟಲೆ ಬಂತು. ಎಲೆಯ ಮೇಲಿನ, ಎರಡೂ ತುದಿ ಚೂಪಾದ ಚುಕ್ಕೆಯ ಚಿತ್ರ ನೋಡಿ "ಇದೇ ಸಾರ್, ನಮ್ಮ ಗದ್ದೇದೇ!" ಅಂದ. ಮಾರನೇ ದಿನ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ.

ಕನ್ನಡ ಐಚ್ಛಿಕದವರ ಗೋಳೇ ಬೇರೆ. "ಇದರಲ್ಲಿ ನಮಗೇನಿದೆ?" ಅಂತ ಕನ್ನಡ ಮೇಡಂ ಕೇಳಿದ್ದು ನ್ಯಾಯವೇ, ಎನ್‌-ಲಿಸ್ಟ್ ತುಂಬಾ ಇಂಗ್ಲಿಷೇ ತಾನೆ. ಅವರಿಗೆ ಶೋಧಗಂಗಾ ತೋರಿಸಿದೆ. ಅದೂ ಇನ್‌ಫ್ಲಿಬ್‌ನೆಟ್‌ನದೇ. ಪಿಎಚ್‌.ಡಿ. ಪ್ರಬಂಧಗಳು ಅಧ್ಯಾಯದ ಪ್ರಕಾರ ಪಿಡಿಎಫ್ ಆಗಿ ಸಿಗುತ್ತವೆ, ಲಾಗಿನ್ನೂ ಬೇಡ, ಕನ್ನಡದವೂ ಇವೆ. ಆದರೆ ಶೀರ್ಷಿಕೆ ಕೆಲವು ಕಡೆ ಕನ್ನಡದಲ್ಲಿ, ಕೆಲವು ಕಡೆ ಇಂಗ್ಲಿಷ್ ಅಕ್ಷರದಲ್ಲಿ. 'ವಚನ' ಹುಡುಕಲು ಮೂರು ಥರ ಟೈಪ್ ಮಾಡಿ ನೋಡಬೇಕು. ಹಾಗೆ ಸಿಕ್ಕಿದ್ದನ್ನೆಲ್ಲ ಮೇಡಂ ಒಂದು ಪಟ್ಟಿ ಮಾಡಿದ್ದಾರೆ, ಕೌಂಟರ್ ಗಾಜಿಗೆ ಅಂಟಿಸಿದ್ದೇನೆ.

2025ರ ಜನವರಿಯಿಂದ ಕೇಂದ್ರ ಸರ್ಕಾರವೇ ಜರ್ನಲ್‌ಗಳ ಚಂದಾ ಕಟ್ಟುವ 'ಒಂದು ದೇಶ ಒಂದು ಚಂದಾ' ಯೋಜನೆ ಬಂತು. ಅದು ಶುರುವಾದದ್ದು ಸರ್ಕಾರಿ ಸಂಸ್ಥೆಗಳಿಗೆ, ನಮ್ಮಂಥ ಅನುದಾನಿತರಿಗಲ್ಲ. ಸರ್ಕಾರಿ ಕಾಲೇಜಿನಲ್ಲಿರುವ ಗೆಳೆಯ ಮೊನ್ನೆ ಫೋನ್ ಮಾಡಿ, "ಹುಡುಗರಿಗೆ ಹೇಗೆ ಮುಟ್ಟಿಸೋದು ಮಾರಾಯ?" ಅಂದ. ಮೊದಲು ಒಂದು ಬೆಂಚು ಹಾಕು ಅಂದೆ.