1200 ಚದರ ಅಡಿ ಕುರಿ ಶೆಡ್: 30×40 ಬಿಟ್ಟು 20×60 ಹಾಕಿದ ನನ್ನ ಅನುಭವ

120 ಕುರಿಗೆ ತಲೆಗೆ 10 ಚದರ ಅಡಿ ಲೆಕ್ಕದಲ್ಲಿ 1200 ಬೇಕು. ಕುರಿ ಸಾಕುವವರಿಗೆ ಇದು ಗೊತ್ತಿದ್ದದ್ದೇ. ಆದರೆ ಉದ್ದಗಲ ಎಷ್ಟು ಅಂದ ತಕ್ಷಣ ಎಲ್ಲರೂ ಸೈಟಿನ ಅಳತೆ 30×40 ಹೇಳಿಬಿಡುತ್ತಾರೆ. ನನ್ನ ಮೊದಲ ಶೆಡ್ಡನ್ನೂ ಗುತ್ತಿಗೆಯವರು ಹಾಗೇ ಕಟ್ಟಿದರು. ಸುತ್ತಳತೆ 140 ಅಡಿ, ಗೋಡೆ ಖರ್ಚು ಕಡಿಮೆ ಅನ್ನೋದು ಅವರ ವಾದ. ಅದು ನಿಜ. ಆದರೆ ಮಳೆಗಾಲದಲ್ಲಿ ನಡುಭಾಗಕ್ಕೆ ಗಾಳಿ ಆಡಲೇ ಇಲ್ಲ. ಗಂಜಲ ಆರಲಿಲ್ಲ. ಗೊರಸು ಕೊಳೆಯಿತು, ಕೆಮ್ಮು ಶುರುವಾಯಿತು. ಆ ವರ್ಷ ಔಷಧಿಗೇ ಹದಿನೈದು ಸಾವಿರದ ಹತ್ತಿರ ಹೋಯಿತು, ನಾಲ್ಕೈದು ಮರಿಗಳೂ ಹೋದವು.

ಎರಡನೇ ಶೆಡ್‌ಗೆ ನಾನೇ ಲೆಕ್ಕ ಹಾಕಿದೆ. 1200ಕ್ಕೆ ಪೂರ್ತಿ ಅಡಿಯಲ್ಲಿ ಅಗಲ-ಉದ್ದದ 15 ಜೋಡಿ ಬರುತ್ತವೆ. ಅಗಲ 34 ದಾಟಿದರೆ ನಿಲ್ಲಿಸಿ, ಮುಂದೆ ಅವೇ ಜೋಡಿ ತಿರುಗಿ ಬರುತ್ತವೆ. 10 ಅಡಿಗಿಂತ ಕಿರಿದಾದದ್ದು ಕುರಿಗೆ ಬೇಡ. ಉಳಿದದ್ದು 10×120, 12×100, 15×80, 16×75, 20×60, 24×50, 25×48, 30×40.

ಇವುಗಳಲ್ಲಿ ಯಾವುದು? ಮಾಡಿಗೆ ಹೊದಿಸೋ ಶೀಟನ್ನು ಕೇಳಿ. ನನಗೆ ಸಿಕ್ಕಿದ್ದು 12 ಅಡಿ ಶೀಟು. ಎರಡು ಕಡೆ ಇಳಿಜಾರು, 20 ಅಡಿ ಅಗಲಕ್ಕೆ ಅರ್ಧ 10. ನಡುವೆ 3 ಅಡಿ ಎತ್ತರಿಸಿದರೆ ಇಳಿಜಾರು ಹತ್ತೂವರೆ ಅಡಿ. ಸೂರಿಗೆ ಒಂದೂವರೆ ಅಡಿ ಉಳಿಯಿತು. ಒಂದು ಶೀಟನ್ನೂ ಕತ್ತರಿಸಲಿಲ್ಲ. 24×50ರಲ್ಲಿ ಅರ್ಧವೇ 12, ಇಳಿಜಾರಿಗೆ ಶೀಟು ಸಾಲದು. 60 ಅಡಿ ಉದ್ದಕ್ಕೆ 10 ಅಡಿಗೊಂದು ಟ್ರಸ್ (ಮಾಡು ಹೊರುವ ಚೌಕಟ್ಟು), ಒಟ್ಟು 7. ಕಂಬ 14. ಶೀಟು ನಲವತ್ತರ ಆಸುಪಾಸು.

"ರೈಲು ಡಬ್ಬಿ ಮಾಡ್ತೀರಾ ಅಣ್ಣಾ?" ಅಂದ ವೆಲ್ಡಿಂಗ್‌ನವನು. ಗೋಡೆ 20 ಅಡಿ ಜಾಸ್ತಿಯಾಗಿ ಎಂಟು ಸಾವಿರ ಹೆಚ್ಚು ಬಂತು. ಆದರೆ ಟ್ರಸ್ ಹಗುರ, ನಡುಗಂಬ ಬೇಡ. ಆ ಬಾಬ್ತಿನಲ್ಲೇ ಮೂವತ್ತು ಸಾವಿರದಷ್ಟು ಉಳಿಯಿತು. ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಟ್ಟೆ, ಬಿಸಿಲು ಒಳಗೆ ನುಗ್ಗಲ್ಲ. ಈಗ ಮಳೆಗಾಲದಲ್ಲೂ ಮಧ್ಯಾಹ್ನದ ಹೊತ್ತಿಗೆ ನೆಲ ಆರಿರುತ್ತದೆ. ಅದೇ ವೆಲ್ಡಿಂಗ್‌ನವನು ಪಕ್ಕದ ಊರಲ್ಲಿ ಇದೇ ಅಳತೆಯಲ್ಲಿ ಇನ್ನೊಂದು ಹಾಕಿದ್ದಾನೆ. ಗಾಳಿಗೆಂದು ಮಾಡಿನ ನೆತ್ತಿಯಲ್ಲಿ ಎಷ್ಟು ಸಂದು ಬಿಟ್ಟಿದ್ದೀನಿ ಅನ್ನೋದನ್ನು ಮಾತ್ರ ನಾನು ಹೇಳಲ್ಲ, ಬಂದು ನೋಡಿದವರು ಅಳೆದುಕೊಳ್ಳಲಿ.

ದುಡ್ಡು ಉಳಿಸೋಣ ಅಂತ 1150 ಇಟ್ಟೂ ನೋಡಿದ್ದೆ. 10×115, 23×50, 25×46. ಯಾವುದೂ ಶೀಟಿಗೆ ಹೊಂದಲ್ಲ. ಇನ್ನೂ ಕಡಿಮೆ ಮಾಡೋದಾದರೆ 1080 ಒಳ್ಳೆಯದು, 18×60 ಅಥವಾ 20×54 ಬರುತ್ತದೆ.

ಕುರಿ ಓಡಾಡೋ ಬಯಲಿಗೂ ಇದೇ ಲೆಕ್ಕ ಮಾಡಿದೆ. ಎರಡು ಗುಂಟೆ ಅಂದರೆ 2178 ಚದರ ಅಡಿ. 22×99 ಇಟ್ಟು ಶೆಡ್ಡಿನ 60 ಅಡಿ ಗೋಡೆಯನ್ನೇ ಒಂದು ಬದಿಗೆ ಬಳಸಿದರೂ 182 ಅಡಿ ಬೇಲಿ ಬೇಕು. 33×66 ಇಟ್ಟರೆ 138 ಸಾಕು. ನಮ್ಮ ಅಂಗಡಿಯಲ್ಲಿ ಚೈನ್‌ಲಿಂಕ್ ಸುರುಳಿ 50 ಅಡಿಯದು. ನಾಲ್ಕು ಕೊಳ್ಳೋ ಕಡೆ ಮೂರರಲ್ಲೇ ಮುಗಿಯಿತು, ಉಳಿದ ತುಂಡಿನಲ್ಲಿ ಗೇಟೂ ಆಯಿತು.